ನಾಯಿಮರಿಗಳ ಭೇದಿಯೂ ಹಿಂಭಾಗದ ಶುಚಿತ್ವವೂ

ಹಾವೇರಿ, ರಾಣೇಬೆನ್ನೂರು ಮತ್ತು ಬ್ಯಾಡಗಿ ತಾಲೂಕುಗಳ ಒಕ್ಕಲುಮನೆಗಳಲ್ಲಿ ನಾಯಿಯು ಕೇವಲ ಅಲಂಕಾರಕ್ಕಾಗಿ ಸಾಕಲ್ಪಡುವ ಪ್ರಾಣಿಯಲ್ಲ. ಗೋವಿನಜೋಳದ ಹೊಲ, ಮೆಣಸಿನಕಾಯಿಯ ಕಣ, ಕುರಿಯ ಹಟ್ಟಿ ಇವುಗಳ ಕಾವಲು ಅದರದು. ಎತ್ತಿಗೆ ಭೇದಿಯಾದರೆ ಆ ದಿನವೇ ವೈದ್ಯರನ್ನು ಕರೆಯಿಸುವ ಯಜಮಾನರು ನಾಯಿಮರಿಯ ಭೇದಿಯನ್ನು ತಾನೇ ವಾಸಿಯಾದೀತೆಂದು ಬಿಟ್ಟುಬಿಡುವುದುಂಟು. ಮರಿಯ ದೇಹವು ಚಿಕ್ಕದು. ಒಂದೆರಡು ದಿನಗಳಲ್ಲಿ ಹೊರಟುಹೋಗುವ ನೀರೇ ಅದರ ಪ್ರಾಣಕ್ಕೆ ಎರವಾಗಬಲ್ಲದು. ಆದುದರಿಂದ ಹೋದ ನೀರನ್ನು ಕೂಡಲೇ ತುಂಬಿಕೊಡುವುದೇ ಚಿಕಿತ್ಸೆಯ ಮೊದಲನೆಯ ಹೆಜ್ಜೆಯೆಂದು ತಿಳಿಯತಕ್ಕದ್ದು.

ಭೇದಿಗೆ ಮುಖ್ಯ ಕಾರಣಗಳು ಮೂರು. ಮೊದಲನೆಯದು ಆಹಾರ. ಬ್ಯಾಡಗಿ ಮೆಣಸಿನಕಾಯಿಯು ಬಣ್ಣಕ್ಕೆ ಹೆಸರಾಗಿ ಖಾರದಲ್ಲಿ ಸೌಮ್ಯವಾದುದಾದರೂ, ಅದನ್ನು ಹಾಕಿದ ಸಾರಿನ ಅನ್ನವು ಮರಿಯ ಕರುಳಿಗೆ ಸಲ್ಲದು. ಈರುಳ್ಳಿಯಂತೂ ನಾಯಿಯ ರಕ್ತವನ್ನೇ ಕೆಡಿಸುವ ವಿಷವು. ಆಕಳ ಹಾಲಿನ ಸಕ್ಕರೆಯು ಅನೇಕ ಮರಿಗಳಿಗೆ ಜೀರ್ಣವಾಗದೆ ಭೇದಿಯುಂಟಾಗುತ್ತದೆ. ಎರಡನೆಯದು ಹುಳುಗಳು. ದುಂಡುಹುಳುವು ತಾಯಿಯ ಗರ್ಭದಿಂದಲೂ ಮೊಲೆಹಾಲಿನಿಂದಲೂ ಮರಿಗೆ ಬರುತ್ತದೆ. ಹೊಟ್ಟೆಯುಬ್ಬಿ ಮೈ ಬಡವಾದ ಮರಿಯಲ್ಲಿ ಇದನ್ನು ಶಂಕಿಸಬೇಕು. ಮೂರನೆಯದು 1978ರಲ್ಲಿ ಮೊದಲು ಗುರುತಿಸಲ್ಪಟ್ಟ ಪಾರ್ವೋ ಎಂಬ ವಿಷಾಣುವಿನ ರೋಗ. ವಾಂತಿ, ಆಹಾರತ್ಯಾಗ, ದುರ್ವಾಸನೆಯ ರಕ್ತಭೇದಿ ಇವು ಅದರ ಲಕ್ಷಣಗಳು. ಈ ವಿಷಾಣುವು ನೆಲದಲ್ಲಿ ತಿಂಗಳುಗಟ್ಟಲೆ ಉಳಿದು, ಪಾದರಕ್ಷೆಯ ಮಣ್ಣಿನೊಡನೆಯೂ ಮನೆಯಿಂದ ಮನೆಗೆ ಹೋಗುತ್ತದೆ.

ಮರಿಯು ಚುರುಕಾಗಿದ್ದು ಮಲವು ಮಾತ್ರ ತೆಳ್ಳಗಾಗಿದ್ದರೆ ಮನೆಯಲ್ಲಿಯೇ ಉಪಚರಿಸಬಹುದು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ಪದೇಪದೇ ಕುಡಿಯಲು ಇಡತಕ್ಕದ್ದು. ಇಲ್ಲಿ ಹೇಳಿದ ಚಮಚವು ಚಹದ ಚಿಕ್ಕ ಚಮಚವು. ನಿತ್ರಾಣವಾದ ಮರಿಯ ಬಾಯಲ್ಲಿ ಬಲವಂತವಾಗಿ ಸುರಿಯಕೂಡದು. ನೀರು ಶ್ವಾಸಕೋಶಕ್ಕೆ ಇಳಿದೀತು. ಎಳೆಯ ಮರಿಯನ್ನು ಉಪವಾಸ ಕೆಡಹುವುದೂ ಸರಿಯಲ್ಲ; ರಕ್ತದ ಸಕ್ಕರೆಯು ಇಳಿದು ಮೂರ್ಛೆ ಬರುವ ಸಂಭವವುಂಟು. ತಾಯಿಹಾಲು ಬಿಟ್ಟ ಮರಿಗೆ ಮೆತ್ತಗೆ ಬೇಯಿಸಿದ ಅನ್ನವನ್ನೂ, ಮಸಾಲೆಯಿಲ್ಲದೆ ಬೇಯಿಸಿ ಎಲುಬು ತೆಗೆದ ಕೋಳಿಮಾಂಸವನ್ನೂ ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪವಾಗಿ ಕೊಡಬಹುದು. ಪ್ಯಾರಾಸಿಟಮಾಲ್ ಮೊದಲಾದ ಮನುಷ್ಯರ ಗುಳಿಗೆಗಳನ್ನು ಕೊಡಲೇಕೂಡದು.

ಇನ್ನು ಶುಚಿತ್ವದ ವಿಷಯ. ಹಿಂಭಾಗಕ್ಕೆ ಅಂಟಿದ ಮಲವು ಚರ್ಮವನ್ನು ಸುಡುವುದಲ್ಲದೆ ನೊಣಗಳನ್ನು ಕರೆಯುತ್ತದೆ. ಮಳೆಗಾಲದಲ್ಲಿ ಅಲ್ಲಿ ಹುಳು ಬೀಳುವ ಭಯವು ವಿಶೇಷ. ಉದ್ದಗೂದಲಿನ ಮರಿಯಲ್ಲಿ ಒಣಗಿದ ಮಲವು ಗುದದ್ವಾರವನ್ನೇ ಮುಚ್ಚುವುದೂ ಉಂಟು. ಒಣಗಿದ್ದನ್ನು ಕಿತ್ತೆಳೆಯದೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಯಿಸಿ, ಮೆತ್ತನೆಯ ಬಟ್ಟೆಯಿಂದ ಒರಸಬೇಕು. ಹೆಣ್ಣುಮರಿಯಲ್ಲಿ ಮೂತ್ರದ್ವಾರದಿಂದ ಗುದದ ಕಡೆಗೇ ಒರಸತಕ್ಕದ್ದು. ಗಂಟುಗೂದಲನ್ನು ಮೊಂಡುತುದಿಯ ಕತ್ತರಿಯಿಂದ ತೆಗೆದು, ಚೆನ್ನಾಗಿ ಒಣಗಿಸಿ, ತೆಳುವಾಗಿ ಕೊಬ್ಬರಿ ಎಣ್ಣೆ ಸವರಬಹುದು. ಫಿನೈಲ್, ಸೀಮೆಎಣ್ಣೆಗಳನ್ನು ಹಚ್ಚಿದರೆ ಮರಿಯು ನೆಕ್ಕಿ ವಿಷವಾದೀತು. ತಾಯಿಯಿಲ್ಲದ ಎಳೆಮರಿಗೆ ಸುಮಾರು ಮೂರು ವಾರಗಳವರೆಗೆ, ಪ್ರತಿಸಲ ಹಾಲುಣಿಸಿದ ನಂತರ, ಬೆಚ್ಚನೆಯ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ತೀಡಬೇಕು. ತಾಯಿಯು ನೆಕ್ಕುವ ಈ ಕೆಲಸವಿಲ್ಲದೆ ಅದು ಮಲಮೂತ್ರ ವಿಸರ್ಜಿಸಲಾರದು. ಗುದದ ಸುತ್ತ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಅವು ಲಾಡಿಹುಳುವಿನವು.

ವಾಂತಿ, ಮಲದಲ್ಲಿ ರಕ್ತ, ಕುಗ್ಗಿದ ಕಣ್ಣು, ಬಿಳಿಚಿದ ಒಸಡು, ಏಳಲಾರದ ನಿತ್ರಾಣ ಇವುಗಳಲ್ಲಿ ಒಂದಾದರೂ ಕಂಡರೆ, ಅಥವಾ ಭೇದಿಯು ಒಂದು ದಿನ ಮೀರಿದರೆ, ತಡಮಾಡದೆ ತಾಲೂಕಿನ ಪಶು ಆಸ್ಪತ್ರೆಗೆ ಒಯ್ಯತಕ್ಕದ್ದು.

ಬರುವ ಮುಂಚೆಯೇ ತಡೆಯುವುದು ಇನ್ನೂ ಸುಲಭ. ಎರಡು ವಾರದ ವಯಸ್ಸಿನಿಂದ ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ, ಮರಿಯ ತೂಕಕ್ಕೆ ತಕ್ಕಂತೆ ವೈದ್ಯರು ಹೇಳಿದ ಹುಳುವಿನ ಔಷಧವನ್ನು ಕೊಡಬೇಕು. ಆರರಿಂದ ಎಂಟು ವಾರದೊಳಗೆ ಪಾರ್ವೋ ಲಸಿಕೆಯನ್ನು ಆರಂಭಿಸಿ, ಹದಿನಾರು ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಪುನಃ ಹಾಕಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಮರೆಯಕೂಡದು. ಕುರಿ ಕೊಯ್ದಾಗ ಹಸಿ ಕರುಳು, ಯಕೃತ್ತು, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬಾರದು. ಅದರಿಂದ ನಾಯಿಯಲ್ಲಿ ಬೆಳೆಯುವ ಲಾಡಿಹುಳುವಿನ ತತ್ತಿಯು ಮನುಷ್ಯನ ಯಕೃತ್ತಿನಲ್ಲಿ ನೀರುಗಡ್ಡೆಯಾಗುತ್ತದೆ.

ಇದು ಒಂದು ಮನೆಯ ಕೆಲಸ ಮಾತ್ರವಲ್ಲ. ಮರಿಯ ಮಲದಲ್ಲಿಯ ದುಂಡುಹುಳುವಿನ ತತ್ತಿಗಳು ಮಣ್ಣಿನೊಡನೆ ಮಕ್ಕಳ ಬಾಯನ್ನು ಸೇರಿದರೆ, ಹುಳುವಿನ ಮರಿಗಳು ಅವರ ಯಕೃತ್ತಿಗೂ ಕಣ್ಣಿಗೂ ಕೇಡು ಮಾಡಬಲ್ಲವು. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಊರಲ್ಲಿ ಹುಟ್ಟಿದ ಮರಿಗಳ ಲೆಕ್ಕವಿಟ್ಟು, ಅವುಗಳಿಗೆಲ್ಲ ಒಂದೇ ದಿನ ಔಷಧ ಮತ್ತು ಲಸಿಕೆ ದೊರೆಯುವಂತೆ ಪಶುವೈದ್ಯರೊಡನೆ ಗೊತ್ತುಮಾಡಿಕೊಳ್ಳುವುದು ಉತ್ತಮ. ಮಲವನ್ನು ಅಂಗಳದಲ್ಲಿ ಬಿಡದೆ ಆಳವಾಗಿ ಹೂಳಿಸಿ, ಮರಿಯನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯುವ ರೂಢಿಯನ್ನು ಪ್ರತಿ ಮನೆಯಲ್ಲಿಯೂ ಹಾಕಿಸತಕ್ಕದ್ದು.