ಬಾರ್ಲಿವೈನ್: ಸವಿಗೆ ಗುಟುಕು ಸಾಕು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಲ್ಲಿ ದೊರೆಯುವ ‘ಸ್ಟ್ರಾಂಗ್’ ಬಿಯರ್‌ನಲ್ಲಿ ನಿಯಮದಂತೆ ಮದ್ಯಸಾರ ಶೇ 8ನ್ನು ಮೀರುವಂತಿಲ್ಲ. ಬಾರ್ಲಿವೈನ್ ಸಾಮಾನ್ಯವಾಗಿ ಈ ಮಿತಿಯನ್ನು ದಾಟುತ್ತದೆ. ಹೆಸರಿನಲ್ಲಿ ವೈನ್ ಇದ್ದರೂ ಇದು ದ್ರಾಕ್ಷಿಯದಲ್ಲ. ಬಾರ್ಲಿ ಮಾಲ್ಟ್‌ನಿಂದ ತಯಾರಾಗುವ ಗಾಢ ಬಿಯರ್.

ಅಮೆರಿಕದ ಸಿಯೆರಾ ನೆವಾಡಾ ಸಂಸ್ಥೆ 1983ರಲ್ಲಿ ಪರಿಚಯಿಸಿದ ‘ಬಿಗ್‌ಫುಟ್’ ಇದಕ್ಕೆ ನಿದರ್ಶನ. ಇದರಲ್ಲಿ ಮದ್ಯಸಾರದ ಪ್ರಮಾಣ ಶೇ 9.6. ಮಾಲ್ಟ್‌ನ ಬೆಲ್ಲದಂಥ ಸಿಹಿ ಹಾಗೂ ಹಾಪ್ಸ್ ಹೂವಿನ ಕಹಿ ಒಟ್ಟಾಗಿ ಯುಗಾದಿಯ ಬೇವು-ಬೆಲ್ಲವನ್ನು ನೆನಪಿಸುತ್ತವೆ. ಅತಿಯಾಗಿ ತಣಿಸಿದರೆ ಪರಿಮಳ ಅಡಗುವುದರಿಂದ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಣ್ಣ ಲೋಟದಲ್ಲಿ ಸವಿಯುವುದು ರೂಢಿ.

ಆದರೆ ಸಿಹಿಯು ಮದ್ಯದ ತೀವ್ರತೆಯನ್ನು ಮರೆಮಾಚುತ್ತದೆ. ಇದರ 355 ಮಿ.ಲೀ. ಬಾಟಲಿಯಲ್ಲಿರುವ ಮದ್ಯಸಾರ 34 ಮಿ.ಲೀ.; ಶೇ 5ರ ಬಿಯರ್‌ನ 650 ಮಿ.ಲೀ. ಬಾಟಲಿಯಲ್ಲಿರುವುದು 32.5 ಮಿ.ಲೀ. ಮಾತ್ರ. ಬಾಟಲಿಯ ಗಾತ್ರ ನೋಡಿ ಅಳೆದವರು ಮೋಸಹೋಗುವುದು ಖಚಿತ.