ಕೃತಕ ಬಂಡೆಯ ಸುತ್ತ ಮೀನು ಹೆಚ್ಚಿದೆಯೆ? ಎಣಿಸಿ ನೋಡಿ

ಕರಾವಳಿಯ ರೈತರಲ್ಲಿ ಗದ್ದೆಯ ಜೊತೆಗೆ ದೋಣಿಯನ್ನೂ ನಂಬಿದವರು ಅನೇಕರಿದ್ದೀರಿ. ಸಮುದ್ರದ ತಳದಲ್ಲಿ ಕೃತಕ ಬಂಡೆಗಳನ್ನು ಇರಿಸುವ ಕಾರ್ಯಕ್ರಮದ ಬಗ್ಗೆ ನೀವು ಕೇಳಿರಬಹುದು. ಒಳಗೆ ಟೊಳ್ಳು ಬಿಟ್ಟು, ತ್ರಿಕೋನ, ಬಾವಿಬಳೆ ಮುಂತಾದ ಆಕಾರಗಳಲ್ಲಿ ಕಾಂಕ್ರೀಟನ್ನು ಎರಕ ಹೊಯ್ದು, ಮರಳು ಅಥವಾ ಗಟ್ಟಿ ಕೆಸರಿನ ತಳದ ಮೇಲೆ ಗುಂಪುಗುಂಪಾಗಿ ಇಳಿಸುತ್ತಾರೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕರಾವಳಿ ರಾಜ್ಯಗಳಿಗೆ ಇದಕ್ಕೆ ನೆರವು ಸಿಕ್ಕಿದೆ.

ಬಂಡೆ ಇಳಿಸಿದ ಕೆಲವೇ ವಾರಗಳಲ್ಲಿ ಅಲ್ಲಿ ಗಾಳ ಹಾಕಿದವರಿಗೆ ಮುರು ಮೀನು, ಕೆಂಬೇರಿ, ಕೊಕ್ಕರ್ ಸಿಗತೊಡಗುತ್ತವೆ. "ಮೀನು ಹೆಚ್ಚಾಯಿತು" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ಕಣದಲ್ಲಿ ರಾಶಿ ಹಾಕಿದ ದಿನ ಗುಬ್ಬಿಗಳು ನೂರಾರು ಬಂದು ಕೂರುತ್ತವೆ. ಊರಿನಲ್ಲಿ ಗುಬ್ಬಿಯ ಸಂತತಿ ಅಂದೇ ಹೆಚ್ಚಿತೆಂದು ಯಾವ ರೈತನೂ ಹೇಳುವುದಿಲ್ಲ. ಮೀನೂ ಹಾಗೆಯೇ. ಆಸರೆ ಕಂಡಲ್ಲಿಗೆ ಅದು ಸುತ್ತಲಿಂದ ಬಂದು ಸೇರುತ್ತದೆ. ಹೊಸ ಮೀನು ಹುಟ್ಟಿ ಬೆಳೆಯುವುದು ಬೇರೆ ಮಾತು. ಕಾಂಕ್ರೀಟಿನ ಮೇಲೆ ಪಾಚಿ, ಪಚ್ಚಿಲೆ ಮತ್ತಿತರ ಚಿಪ್ಪಿನ ಜೀವಿಗಳು ಹತ್ತಬೇಕು, ಅವುಗಳ ನಡುವೆ ಸಣ್ಣ ಏಡಿ ಸೀಗಡಿಗಳು ನೆಲೆಯೂರಬೇಕು, ಮೀನಿನ ಮರಿಗಳು ಬಂದು ಸಂದುಗಳಲ್ಲಿ ಅಡಗಿ ದೊಡ್ಡವಾಗಬೇಕು. ಇದಕ್ಕೆ ತಿಂಗಳುಗಳಲ್ಲ, ವರ್ಷಗಳೇ ಬೇಕು.

ಮೀನು ಬರೀ ಬಂದು ಸೇರಿದ್ದಾದರೆ ಬಂಡೆಯಿಂದ ನಷ್ಟವೂ ಉಂಟು. ಹರಡಿದ್ದ ಮೀನನ್ನು ಒಂದೆಡೆ ಕೂಡಿಸಿ, ಸುಲಭವಾಗಿ ಬಾಚಿಕೊಳ್ಳಲು ದಾರಿ ಮಾಡಿಕೊಟ್ಟಂತೆ ಆಗುತ್ತದೆ. ನಮ್ಮ ಕಡಲಲ್ಲೇ ಇದಕ್ಕೆ ಉದಾಹರಣೆಯಿದೆ. 2010ರ ದಶಕದಲ್ಲಿ ತೆಂಗಿನ ಗೊನೆಯ ಒಣ ಕಡ್ಡಿಗಳನ್ನು ಕಂತೆ ಕಟ್ಟಿ, ಭಾರ ಕೊಟ್ಟು ಇಳಿಸಿ, ಅಲ್ಲಿಗೆ ಬರುವ ಕಪ್ಪೆ ಬೊಂಡಾಸನ್ನು ಗಾಳದಿಂದ ಹಿಡಿಯುವ ಕ್ರಮ ಕರ್ನಾಟಕದ ಕಡಲಲ್ಲಿ ನಡೆಯಿತು. ಕಪ್ಪೆ ಬೊಂಡಾಸು ಅಲ್ಲಿಗೆ ಬರುವುದು ದ್ರಾಕ್ಷಿ ಗೊಂಚಲಿನಂಥ ತನ್ನ ಮೊಟ್ಟೆಗಳನ್ನು ಅಂಟಿಸಲು. ಮೊಟ್ಟೆಯಿಡಲು ಬಂದ ಹೆಣ್ಣನ್ನೇ ಹಿಡಿದರೆ ಮುಂದಿನ ಬೆಳೆಗೆ ಬೀಜವೆಲ್ಲಿ? ಟ್ರಾಲ್ ದೋಣಿಯವರಿಗೂ ಗಾಳದವರಿಗೂ ಈ ವಿಷಯದಲ್ಲಿ ಜಗಳವೂ ಆಯಿತು. ದೋಣಿಯಲ್ಲಿ ರಾಶಿ ಬಿದ್ದ ಮೀನನ್ನಷ್ಟೇ ನೋಡಿದವರಿಗೆ ಅದು ಒಳ್ಳೆಯ ವರ್ಷವೆಂದೇ ಕಂಡಿರಬೇಕು.

ಹಾಗಾದರೆ ನಿಜಸ್ಥಿತಿ ತಿಳಿಯುವುದು ಹೇಗೆ? ಗೊಬ್ಬರದ ಪ್ರಾತ್ಯಕ್ಷಿಕೆಯಲ್ಲಿ ಪಕ್ಕದಲ್ಲೊಂದು ಗೊಬ್ಬರ ಹಾಕದ ತಾಕನ್ನು ಬಿಡುತ್ತೇವಲ್ಲವೆ? ಇಲ್ಲಿಯೂ ಅದೇ ನ್ಯಾಯ. ಬಂಡೆ ಇಳಿಸುವ ಜಾಗದಂತೆಯೇ ಆಳ ಮತ್ತು ತಳವಿರುವ, ಅಲ್ಲಿಂದ ದೂರದ ಇನ್ನೊಂದೆರಡು ಜಾಗಗಳನ್ನು ಹೋಲಿಕೆಗಾಗಿ ಆರಿಸಿಕೊಳ್ಳಬೇಕು. ಬಂಡೆ ಇಳಿಸುವ ಮೊದಲೇ ಎಲ್ಲ ಕಡೆ ಒಮ್ಮೆಯಾದರೂ ಎಣಿಕೆ ಆಗಿರಬೇಕು. ಹೆಚ್ಚಿನ ಕಡೆ ತಪ್ಪುವುದು ಇಲ್ಲಿಯೇ. ಬಂಡೆ ಇಳಿದ ಮೇಲೆ ಎಣಿಕೆ ಶುರುಮಾಡಿದರೆ ಮೊದಲು ಎಷ್ಟಿತ್ತೆಂದು ಹೇಳಲು ಯಾರಿಂದಲೂ ಆಗದು.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಬಂಡೆ ಇಳಿಸುವ ಮೊದಲು ಎರಡೂ ಜಾಗಗಳಲ್ಲಿ ಒಂದು ಗಾಳಕ್ಕೆ ಗಂಟೆಗೆ 2 ಮೀನು ಸಿಗುತ್ತಿದ್ದವು. ಎರಡು ವರ್ಷದ ಮೇಲೆ ಬಂಡೆಯ ಬಳಿ 6 ಸಿಕ್ಕಿ, ಹೋಲಿಕೆಯ ಜಾಗದಲ್ಲೂ 2 ಉಳಿದಿದ್ದರೆ ಅದು ಒಳ್ಳೆಯ ಗುರುತು. ಬಂಡೆಯ ಬಳಿ 6 ಆಗಿ, ಹೋಲಿಕೆಯ ಜಾಗದಲ್ಲಿ ಅರ್ಧಕ್ಕೆ ಇಳಿದಿದ್ದರೆ ಮೀನು ಮನೆ ಬದಲಾಯಿಸಿತೆಂದು ಸಂಶಯಪಡಬೇಕು. ಎರಡೂ ಕಡೆ 6 ಆಗಿದ್ದರೆ ಆ ವರ್ಷ ಕಡಲೇ ಒಲಿದಿದೆ, ಹೆಚ್ಚಳದ ಯಶಸ್ಸು ಬಂಡೆಯದಲ್ಲ.

ವಿಜ್ಞಾನಿಗಳು ನೀರಿಗಿಳಿದು ಎಣಿಸುತ್ತಾರೆ. ತಳದಲ್ಲಿ 50 ಮೀಟರ್ ಟೇಪು ಹಾಸಿ, ಅದರ ಎರಡೂ ಪಕ್ಕ ಎರಡೂವರೆ ಮೀಟರ್ ಒಳಗೆ ಕಂಡ ಮೀನನ್ನು ಜಾತಿವಾರು ಬರೆದುಕೊಳ್ಳುತ್ತಾರೆ. ಆಗ ನೋಡಿದ ಕ್ಷೇತ್ರ 250 ಚದರ ಮೀಟರ್. 30 ಮೀನು ಕಂಡರೆ 100 ಚದರ ಮೀಟರಿಗೆ 12 ಎಂದಾಯಿತು. ಇದರಲ್ಲೂ ಮೋಸಗಳಿವೆ. ಮುರು ಮೀನು ಸಂದಿನಲ್ಲಿ ಅಡಗಿ ಲೆಕ್ಕ ತಪ್ಪಿಸುತ್ತದೆ, ಸುತ್ತು ಹೊಡೆಯುವ ಕೊಕ್ಕರ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಮುಳುಗುಗನ್ನಡಿಯ ಮೂಲಕ ವಸ್ತುಗಳು ಇರುವುದಕ್ಕಿಂತ ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುವುದರಿಂದ, ಗೊತ್ತಿರುವ ಅಳತೆಯ ಮರದ ಮೀನುಗಳನ್ನು ನೀರಿನಲ್ಲಿಟ್ಟು ಕಣ್ಣನ್ನು ಪಳಗಿಸಿಕೊಳ್ಳಬೇಕಾಗುತ್ತದೆ. ನೇತ್ರಾಣಿ ದ್ವೀಪದ ಸುತ್ತ ನೀರು ತಿಳಿಯಾಗುವ ದಿನಗಳಿವೆ. ದಡದ ಹತ್ತಿರ, ಅಳಿವೆಗಳ ಎದುರು ಕದಡಿದ ನೀರಿನಲ್ಲಿ ಕಣ್ಣೆಣಿಕೆ ನಡೆಯದು. ಬುತ್ತಿ ಕಟ್ಟಿದ ಕ್ಯಾಮರಾವನ್ನು ಇಳಿಸಿ, ಒಂದೇ ಚಿತ್ರದಲ್ಲಿ ಒಟ್ಟಿಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನು ಹಿಡಿಯುವ ಕ್ರಮವೂ ಇದೆ. ಒಂದೇ ಮೀನನ್ನು ಹತ್ತು ಸಲ ಎಣಿಸುವ ತಪ್ಪು ಅದರಲ್ಲಿಲ್ಲ. ಆದರೆ ನೀರು ಕದಡಿದ್ದರೆ ಕ್ಯಾಮರಾಕ್ಕೂ ಕಾಣದು.

ಅಂಥ ನೀರಿನಲ್ಲಿ ಉಳಿಯುವುದು ನಿಮ್ಮ ಗಾಳದ ಲೆಕ್ಕವೇ. ಅದನ್ನು ಕಡಿಮೆಯೆಂದು ಎಣಿಸಬೇಡಿ. ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ, ತಿಥಿ, ಜಾಗ, ಗಾಳಗಳ ಸಂಖ್ಯೆ, ಗಾಳ ನೀರಿನಲ್ಲಿದ್ದ ಗಂಟೆ, ಸಿಕ್ಕ ಮೀನಿನ ಜಾತಿ ಮತ್ತು ಸಂಖ್ಯೆ ಬರೆಯಿರಿ. ಮೂವರು ತಲಾ ಒಂದು ಗಾಳದಿಂದ ನಾಲ್ಕು ಗಂಟೆ ಕೂತು 18 ಮೀನು ಹಿಡಿದರೆ, 18ನ್ನು 12ರಿಂದ ಭಾಗಿಸಿ. ಗಾಳಕ್ಕೆ ಗಂಟೆಗೆ ಒಂದೂವರೆ ಮೀನು. ಬರಿಗೈಯಲ್ಲಿ ಬಂದ ದಿನವನ್ನೂ ತಪ್ಪದೆ ಬರೆಯಬೇಕು. ಸಿಕ್ಕ ದಿನಗಳನ್ನಷ್ಟೇ ಬರೆದ ಪುಸ್ತಕ ಸುಳ್ಳು ಹೇಳುತ್ತದೆ. ಗಾಳದ ಗಾತ್ರ ಮತ್ತು ಬುತ್ತಿಯನ್ನು ನಡುವೆ ಬದಲಿಸಬೇಡಿ. ಹೋಲಿಸುವಾಗ ನವೆಂಬರನ್ನು ನವೆಂಬರಿನೊಡನೆಯೇ ಹೋಲಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಮೇ ತಿಂಗಳಿಗೂ ಆಗಸ್ಟಿಗೂ ತಾಳೆ ಹಾಕಿದರೆ ಬಂಡೆಯ ಗುಣ ತಿಳಿಯದು.

ಸಂಖ್ಯೆಗಿಂತ ಉದ್ದವೇ ಹೆಚ್ಚು ಹೇಳುತ್ತದೆ. ಒಂದು ಹಲಗೆಗೆ ಅಳತೆಪಟ್ಟಿ ಅಂಟಿಸಿ, ಸೊನ್ನೆಯ ಕಡೆ ಅಡ್ಡ ಪಟ್ಟಿ ಹೊಡೆದರೆ ಅಳೆಯುವ ಮಣೆ ಸಿದ್ಧ. ಮೂತಿಯನ್ನು ಪಟ್ಟಿಗೆ ತಾಗಿಸಿ ಬಾಲದ ತುದಿಯವರೆಗೆ ಅಳೆಯಿರಿ. ಎಲ್ಲವನ್ನೂ ಅಳೆಯಲಾಗದಿದ್ದರೆ ಕೈಗೆ ಬಂದಂತೆ 20 ಮೀನು ತೆಗೆದುಕೊಳ್ಳಿ, ದೊಡ್ಡವನ್ನೇ ಆರಿಸಬೇಡಿ. ಮೊದಲು ಗೇಣುದ್ದದ ಮರಿಗಳು ಕಂಡು, ತಿಂಗಳು ತಿಂಗಳಿಗೆ ಉದ್ದ ಏರುತ್ತಾ ಬಂದರೆ ಮೀನು ಅಲ್ಲೇ ಬೆಳೆಯುತ್ತಿದೆ ಎನ್ನಬಹುದು. ಮೊದಲ ದಿನದಿಂದಲೇ ದೊಡ್ಡವು ಸಿಕ್ಕಿ ಬರಬರುತ್ತಾ ಸಣ್ಣವೇ ಉಳಿದರೆ ನಾವು ಬಾಚುತ್ತಿದ್ದೇವೆ ಎಂದರ್ಥ. ಮುರು ಮೀನಿನಲ್ಲಿ ಇದು ಇನ್ನೂ ಅಪಾಯ. ಈ ಗುಂಪಿನ ಬಹುತೇಕ ಜಾತಿಗಳಲ್ಲಿ ಮೀನು ಮೊದಲು ಹೆಣ್ಣಾಗಿದ್ದು, ದೊಡ್ಡದಾದ ಮೇಲೆ ಗಂಡಾಗುತ್ತದೆ. ದೊಡ್ಡದನ್ನೆಲ್ಲ ಹಿಡಿದರೆ ಗಂಡೇ ಉಳಿಯುವುದಿಲ್ಲ.

ಮೀನಿನ ಜೊತೆಗೆ ಬಂಡೆಯನ್ನೂ ಗಮನಿಸುತ್ತಿರಬೇಕು. ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ 1972ರ ಸುಮಾರಿಗೆ ಮೀನಿಗೆ ಮನೆಯಾಗಲೆಂದು ಸುಮಾರು 20 ಲಕ್ಷ ಹಳೆಯ ಟಯರುಗಳನ್ನು ಕಟ್ಟಿ ಮುಳುಗಿಸಿದರು. ಕಟ್ಟು ಬಿಚ್ಚಿ, ಟಯರುಗಳು ಅಲೆಗೆ ಉರುಳಿ, ಹತ್ತಿರದ ಸಹಜ ಹವಳದ ದಿಬ್ಬವನ್ನೇ ಉಜ್ಜಿ ಹಾಳುಮಾಡಿದವು. ಅವನ್ನು ತೆಗೆಯುವ ಕೆಲಸ ದಶಕಗಳ ನಂತರವೂ ಮುಗಿಯಲಿಲ್ಲ. ಕಾಂಕ್ರೀಟು ಹಾಗೆ ಉರುಳದಾದರೂ ಮಳೆಗಾಲದ ಸೆಳೆತಕ್ಕೆ ಮರಳಿನಲ್ಲಿ ಹೂತುಹೋಗಬಹುದು, ಹರಿದ ಬಲೆ ಸಿಕ್ಕಿಕೊಂಡು ಮೀನನ್ನು ವೃಥಾ ಕೊಲ್ಲುತ್ತಿರಬಹುದು. ಪ್ರತಿ ವರ್ಷ ಮಳೆ ನಿಂತು ನೀರು ತಿಳಿಯಾದ ಮೇಲೆ ಒಮ್ಮೆ ಮುಳುಗುಗಾರರಿಂದ ನೋಡಿಸುವುದು ಅಗತ್ಯ.

ನಿಮ್ಮ ಊರಿನ ಎದುರು ಬಂಡೆ ಇಳಿಸುವ ಮಾತು ಬಂದಾಗ, ಹೋಲಿಕೆಯ ಜಾಗ ಯಾವುದು, ಮೊದಲ ಎಣಿಕೆ ಯಾವಾಗ, ಎಷ್ಟು ವರ್ಷ ಎಣಿಸುತ್ತೀರಿ ಎಂದು ಸಹಕಾರ ಸಂಘದ ಮೂಲಕ ಮೊದಲೇ ಕೇಳಿ. ಬರೆದಿಟ್ಟ ಪುಸ್ತಕವನ್ನು ಮೀನುಗಾರಿಕೆ ಇಲಾಖೆಯವರಿಗೆ, ಇಲ್ಲವೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನವರಿಗೆ ತೋರಿಸಬಹುದು. ಮೂಲ ಪುಸ್ತಕ ನಿಮ್ಮಲ್ಲೇ ಇರಲಿ, ನಕಲನ್ನು ಕೊಡಿ.