ನಾರಿನ ಪುಡಿ ಹಿಡಿಯುವ ಲೋಹ

ತಿಪಟೂರು ಸೀಮೆಯ ತೆಂಗಿನ ನಾರಿನ ಕಾರ್ಖಾನೆಗಳಲ್ಲಿ ನಾರು ಬಿಡಿಸಿದ ಮೇಲೆ ಉಳಿಯುವ ಕಂದು ಪುಡಿ ಮಹಾ ಹಟಮಾರಿ. ಬೇಗ ಕೊಳೆಯದು, ನೆನೆದರೆ ಉರಿಯದು. ಒಂದಷ್ಟು ಕೊಕೊಪೀಟ್ ಇಟ್ಟಿಗೆಯಾಗಿ ನರ್ಸರಿ ಸೇರುತ್ತದೆ. ಕೊಳೆಯಲು ಬಿಡದಿರುವ ಲಿಗ್ನಿನ್ ಎಂಬ ಪದಾರ್ಥವೇ ಕೊಳಚೆ ನೀರಿನ ಲೋಹವನ್ನೂ ಹಿಡಿದಿಡಬಲ್ಲದು.

ಬೆಂಗಳೂರಿನ ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಸಾಕಷ್ಟಿವೆ. ಹೊಳಪು ಕೊಟ್ಟ ಬಿಡಿಭಾಗಗಳನ್ನು ತೊಳೆದ ನೀರಿನಲ್ಲಿ ನಿಕ್ಕಲ್, ಕ್ರೋಮಿಯಂ ಉಳಿಯುತ್ತವೆ. ಅಲ್ಲಿನ ಅಂತರ್ಜಲದಲ್ಲೂ ಕ್ರೋಮಿಯಂ ಸಿಕ್ಕಿದೆ. ಸುಣ್ಣ ಬೆರೆಸಿ ಲೋಹವನ್ನು ತಳಕ್ಕಿಳಿಸುವುದು ರೂಢಿ. ಆದರೆ ಅಂಶ ತೀರಾ ಕಡಿಮೆಯಾದಾಗ ಸುಣ್ಣದ ಆಟ ನಡೆಯುವುದಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮಾತ್ರ. ಲೋಹದ ಅಯಾನುಗಳನ್ನು ಹಿಡಿದು ಅಷ್ಟು ಕೆಳಗಿಳಿಸುವ ರೆಸಿನ್‌ಗಳು ಸಣ್ಣ ಘಟಕದವರ ಕೈಗೆಟುಕುವ ಬೆಲೆಯವಲ್ಲ.

ಇಲ್ಲಿ ಅಗ್ಗದ ನಾರಿನ ಪುಡಿ ನೆರವಾದೀತು. ಅದರ ಮೈತುಂಬ ಹೈಡ್ರಾಕ್ಸಿಲ್, ಕಾರ್ಬಾಕ್ಸಿಲ್ ಗುಂಪುಗಳಿವೆ. ಅವಕ್ಕೆ ಅಂಟಿಕೊಂಡ ಹೈಡ್ರೋಜನ್, ಕ್ಯಾಲ್ಸಿಯಂ ಅಯಾನುಗಳು ಬಸ್ಸಿನ ಸೀಟು ಬಿಟ್ಟಂತೆ ಎದ್ದು, ಸೀಸ ಅಥವಾ ನಿಕ್ಕಲ್‌ಗೆ ಜಾಗ ಕೊಡುತ್ತವೆ. ನೀರು ಹೆಚ್ಚು ಆಮ್ಲೀಯವಾದರೆ ಹೈಡ್ರೋಜನ್ನೇ ತುಂಬಿಕೊಂಡು ಲೋಹಕ್ಕೆ ಸೀಟು ಸಿಗದು. ಹಾಗಾಗಿ ಪಿಎಚ್ 5ರ ಆಸುಪಾಸು ಅನುಕೂಲ.

ಹೆಕ್ಸಾವೇಲೆಂಟ್ ಕ್ರೋಮಿಯಂನದು ಮಾತ್ರ ಉಲ್ಟಾ ಕಥೆ, ನನಗೆ ಬಹಳ ಇಷ್ಟವಾಗುವುದೂ ಇದೇ. ನೀರಿನಲ್ಲಿ ಅದು ಋಣ ವಿದ್ಯುದಂಶ ಹೊತ್ತ ಕ್ರೋಮೇಟ್ ಆಗಿ ಓಡಾಡುತ್ತದೆ. ನೀರನ್ನು ಪಿಎಚ್ 2ರವರೆಗೆ ಹುಳಿಯಾಗಿಸಿದರೆ ಪುಡಿಯ ಮೈ ಧನವಾಗಿ ಅದನ್ನು ಸೆಳೆಯುತ್ತದೆ. ಅಷ್ಟಕ್ಕೇ ಬಿಡದೆ ಲಿಗ್ನಿನ್ ತನ್ನ ಎಲೆಕ್ಟ್ರಾನುಗಳನ್ನು ಕೊಟ್ಟು, ಕ್ಯಾನ್ಸರ್ ತರಬಲ್ಲ ಆ ರೂಪವನ್ನು ಅಷ್ಟೇನೂ ವಿಷವಲ್ಲದ ಟ್ರೈವೇಲೆಂಟ್ ಕ್ರೋಮಿಯಂ ಆಗಿ ಬದಲಿಸುತ್ತದೆ.

ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳು 1990ರ ದಶಕದಲ್ಲೇ ಈ ಪುಡಿಯಿಂದ ಇದ್ದಿಲು ಮಾಡಿ ಪಾದರಸ ಹಿಡಿದು ತೋರಿಸಿದ್ದರು. ಬಾಳೆಸಿಪ್ಪೆ, ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆಗಳ ಮೇಲೂ ಪ್ರಬಂಧಗಳು ರಾಶಿ ಬಿದ್ದಿವೆ. ಬಹುಪಾಲು ಪ್ರಯೋಗ ನಡೆದಿರುವುದು ಶುದ್ಧ ನೀರಿಗೆ ಒಂದೇ ಲೋಹ ಬೆರೆಸಿ. ಕಾರ್ಖಾನೆಯ ನೀರಿನಲ್ಲಾದರೋ ಎಣ್ಣೆ, ಸೋಪು, ನಾಲ್ಕಾರು ಲೋಹಗಳು ಒಂದೇ ಜಾಗಕ್ಕೆ ಪೈಪೋಟಿಗಿಳಿಯುತ್ತವೆ. ಪುಡಿ ತಾನೂ ಕಂದು ಬಣ್ಣ ಬಿಡುತ್ತದೆ.

ಅಗ್ಗ ಎನ್ನುವವರು ಬಳಸಿದ ಪುಡಿಯ ಲೆಕ್ಕವನ್ನೂ ಹಾಕಬೇಕು. ನಿಕ್ಕಲ್ ಹಿಡಿದದ್ದನ್ನು ತೆಳು ಆಮ್ಲದಲ್ಲಿ ತೊಳೆದರೆ ಲೋಹ ಸಾಂದ್ರವಾಗಿ ಕೈಗೆ ಬರುತ್ತದೆ, ಪುಡಿಯನ್ನು ಮತ್ತೆ ಕೆಲವು ಬಾರಿ ಬಳಸಬಹುದು. ಕ್ರೋಮಿಯಂ ಅಷ್ಟು ಸುಲಭಕ್ಕೆ ಬಿಡದು. ಹಾಗೆಂದು ಒಲೆಗೆ ಹಾಕುವಂತಿಲ್ಲ: ಸುಟ್ಟಾಗ ಅದು ಬೂದಿಯಲ್ಲಿ ಮತ್ತೆ ಹೆಕ್ಸಾವೇಲೆಂಟ್ ಆಗಬಹುದು. ತಿಪ್ಪೆಗೆ ಸುರಿಯಬೇಕಿದ್ದ ಪುಡಿ ಈಗ ಅಪಾಯಕಾರಿ ತ್ಯಾಜ್ಯ. ಅದಕ್ಕೆಂದೇ ಕಟ್ಟಿದ ಭರ್ತಿ ತಾಣಕ್ಕೆ ಲಾರಿ ಬಾಡಿಗೆ ಕೊಟ್ಟು ಸಾಗಿಸಬೇಕು.